ನಾಲ್ಕನೇ ನೀರು

ಹೊತ್ತಿಕೊಳ್ಳಬೇಕಿತ್ತು. ಹೊತ್ತಿಕೊಳ್ಳಲಿಲ್ಲ.

ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಒಂದು ಚಿಟಿಕೆ ಕಪ್ಪು ಪುಡಿ. ಅದರ ಮೇಲೆ ಮೂಗು ತಾಗುವಷ್ಟು ಬಾಗಿ ಕೂತಿದ್ದ, ತುಕ್ಕು ಅಂತ ಎಲ್ಲರೂ ಕರೆಯುವ ಮನುಷ್ಯ. ಒಂದು ನಿಮಿಷವಾಯಿತು. ಎರಡಾಯಿತು. ಪುಡಿ ಉಂಡು ಮಲಗಿದ ಸೋಮಾರಿಯ ಹಾಗೆ ಬಿದ್ದುಕೊಂಡಿತ್ತು. ಮಿಸುಕಲಿಲ್ಲ, ಕೆಂಪಗಾಗಲಿಲ್ಲ.

"ಮೇಣ ಪೂರ್ತಿ ಬಿಟ್ಟಿಲ್ಲವೇನೋ ಅಣ್ಣಾ," ಅಂದಳು ಪರೀಕ್ಷೆ ಕೋಣೆಯ ಹುಡುಗಿ. "ದ್ರಾವಣದಲ್ಲಿ ಇನ್ನೊಂದು ಸಲ ತೊಳೆದು ನೋಡೋಣವಾ?"

"ಮೂರು ಸಲ ತೊಳೆದಾಯ್ತಲ್ಲಮ್ಮಾ. ಇನ್ನೂ ತೊಳೆದರೆ ಬಿಲ್ಲೆಯೇ ಸವೆದುಹೋಗುತ್ತೆ."

ಅವಳು ನಗಲಿಲ್ಲ.

ನಿಜವಾದ ಕಾಳಾಗಿದ್ದರೆ ಮೇಣದ ಹೊದಿಕೆ ಕಳೆದು ಗಾಳಿ ಸೋಕಿದ ಗಳಿಗೆಗೆ ಕೆಂಡವಾಗಬೇಕು. ಅದು ಗ್ಯಾಸು ಕುಡಿದು ಬದುಕಿದ ಕಬ್ಬಿಣ. ಬರೀ ಗಾಳಿ ಅದಕ್ಕೆ ಆಗಿಬರುವುದಿಲ್ಲ. ಹಾಗಾಗಿಯೇ ಕೊಳವೆಯಿಂದ ತೆಗೆದ ತಕ್ಷಣ ಮೇಣದಲ್ಲಿ ಹೂತು ಡಬ್ಬಿಗೆ ಹಾಕಿ ಸೀಲು ಒತ್ತುತ್ತಾರೆ.

ಈ ಕಾರ್ಖಾನೆಯಲ್ಲಿ ಗ್ಯಾಸಿನಿಂದ ಎಣ್ಣೆ ಮಾಡುತ್ತಾರೆ. ಲಾರಿ ಓಡಿಸುವ ಎಣ್ಣೆಯೇ, ಆದರೆ ನೆಲ ತೋಡಿ ತೆಗೆದದ್ದಲ್ಲ. ಮೂರಾಳೆತ್ತರದ ಉಕ್ಕಿನ ಕೊಳವೆ. ಅದರೊಳಗೆ ಕುದಿಯುವ ಮೇಣ. ಮೇಣದಲ್ಲಿ ತೇಲುವ ಸಾಸಿವೆಗಿಂತ ಸಣ್ಣ ಕಬ್ಬಿಣದ ಕಾಳು. ಕೆಳಗಿಂದ ಗುಳುಗುಳು ಏಳುವ ಗ್ಯಾಸು ಆ ಕಾಳಿನ ಮೈ ಸವರಿಕೊಂಡು ಹೋದರೆ ಎಣ್ಣೆಯಾಗಿ ಹೊರಬರುತ್ತದೆ. ಪುಸ್ತಕದವರು ಅದಕ್ಕೆ ವೇಗವರ್ಧಕ ಅನ್ನುತ್ತಾರೆ, ಶೆಡ್ಡಿನವರು ಕಾಳು ಅನ್ನುತ್ತಾರೆ. ಹೆಸರು ಯಾವುದಾದರೇನು, ರೋಗ ಒಂದೇ. ಹತ್ತು ದಿನಕ್ಕೆ ಒಡೆದು ಹಿಟ್ಟಾಗುತ್ತದೆ. ಹಿಟ್ಟು ಜರಡಿಗೆ ಕಚ್ಚಿಕೊಳ್ಳುತ್ತದೆ, ಎಣ್ಣೆ ಮಸಿಯಾಗುತ್ತದೆ, ಎಲ್ಲ ನಿಲ್ಲಿಸಿ ಮತ್ತೆ ಮೊದಲಿಂದ.

ನಲವತ್ತೊಂದನೇ ಬ್ಯಾಚು ಮಾತ್ರ ನೂರಹನ್ನೆರಡು ದಿನ ಓಡಿತ್ತು. ನೂರಹನ್ನೆರಡು! ಕೊನೆಗೆ ಸೋತದ್ದು ಪಂಪು, ಕಾಳಲ್ಲ. ಪಂಪು ಒಡೆದು ಎಲ್ಲ ಮೋರಿಗೆ ಹೋದಾಗ ಉಳಿದದ್ದು ಒಂದೇ ಡಬ್ಬಿ. ಆಮೇಲೆ ಮಾಡಿದ ಮೂರು ಬ್ಯಾಚುಗಳೂ ಒಂಬತ್ತೇ ದಿನಕ್ಕೆ ಹಿಟ್ಟು.

ನಾಳೆ ಬೆಳಿಗ್ಗೆ ಹತ್ತಕ್ಕೆ ಹೊರಗಿನ ಎಂಜಿನಿಯರುಗಳು ಬರುವವರಿದ್ದರು, ಆ ಒಂದು ಡಬ್ಬಿಯನ್ನು ನೋಡಲು. ನಿನ್ನೆ ಸಂಜೆ ಆ ಡಬ್ಬಿಯ ಸೀಸದ ಸೀಲು ಗೇಟಿನ ತಪಾಸಣೆಯಲ್ಲಿ ಚಿಕ್ಕಮ್ಮನ ಊಟದ ಚೀಲದೊಳಗೆ ಸಿಕ್ಕಿತ್ತು.

ಚಿಕ್ಕಮ್ಮ ಅಂದರೆ ತೊಳೆಯುವ ಚಿಕ್ಕಮ್ಮ. ಮೂವತ್ತೊಂದು ವರ್ಷದಿಂದ ಇಲ್ಲಿ ಕಬ್ಬಿಣದ ಕೆಸರು ತೊಳೆದವಳು. ಈ ಪರೀಕ್ಷೆ ಕೋಣೆಯ ಹುಡುಗಿಯ ತಾಯಿ.

"ನಾಲ್ಕು ಗಂಟೆವರೆಗೆ ಟೈಮು," ಅಂದಿದ್ದರು ಕಾರ್ಖಾನೆಯ ಯಜಮಾನಿ. "ಅಷ್ಟರೊಳಗೆ ಬೇರೆ ಯಾರು ಅಂತ ತೋರಿಸಿ. ಇಲ್ಲಾಂದ್ರೆ ನಾನು ಠಾಣೆಗೆ ಫೋನ್ ಮಾಡಲೇಬೇಕು."

ಈಗ ಎರಡೂಕಾಲು.

ತುಕ್ಕು ಅನ್ನುವುದು ಅವನ ಹೆಸರಲ್ಲ. ಕಬ್ಬಿಣದ ಮೇಲೆ ಕೂತರೆ ಸದ್ದಿಲ್ಲದೆ ತಿಂದು ತೂತು ಮಾಡಿಯೇ ಏಳುತ್ತಾನೆ ಅಂತ ಬೆನ್ನ ಹಿಂದೆ ಇಟ್ಟ ಅಡ್ಡಹೆಸರು. ಈಗ ಮುಖದ ಮುಂದೆಯೂ ಅದೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹದಿನೆಂಟು ವರ್ಷ ಬಾಯ್ಲರಿಗೆ ಬೆಂಕಿ ಹಾಕಿದವನು. ಈಗ ಕಾರ್ಖಾನೆಯಲ್ಲಿ ಏನೇ ಕೆಟ್ಟರೂ, ಕಳೆದರೂ ಮೂಲ ಹುಡುಕಲು ಯಜಮಾನಿ ಕರೆಸುವುದು ಇವನನ್ನೇ. ಬೆಂಕಿ ಯಾಕೆ ಹತ್ತಿತು, ಯಾರು ಹಚ್ಚಿದರು ಅನ್ನುವುದರಲ್ಲಿ ಬಾಯ್ಲರಿನ ಮುಂದೆ ಬೆಂದವನಿಗಿಂತ ದೊಡ್ಡ ಪಂಡಿತ ಯಾರಿದ್ದಾನೆ?

"ಡಬ್ಬಿಯಲ್ಲಿರೋದು ನಲವತ್ತೊಂದಲ್ಲ," ಅಂದ ಅವನು. "ಯಾರೋ ಸತ್ತ ಪುಡಿ ತುಂಬಿಟ್ಟಿದ್ದಾರೆ."

ಹುಡುಗಿ ದಾಖಲೆ ಪುಸ್ತಕ ತೆಗೆದು ಹಾಗೇ ಬರೆದಳು. ಹೊತ್ತಿಕೊಳ್ಳಲಿಲ್ಲ. ಕೆಳಗೆ ಗಂಟೆ, ತಾರೀಕು, ಸಹಿ. ತಾಯಿಯ ಕುತ್ತಿಗೆಗೆ ಬಂದ ಮಾತನ್ನು ತಾಯಿಯ ಮಗಳೇ ಕೈ ನಡುಗದೆ ಬರೆದದ್ದನ್ನು ಕಂಡು ತುಕ್ಕುವಿಗೆ ಎದೆ ತುಂಬಿತು. ಇಂಥವರ ಕೈಗೆ ತಕ್ಕಡಿ ಕೊಡಬೇಕು.

ಬಾಗಿಲ ಹಿಂದಿನ ಕೊಕ್ಕೆಯಲ್ಲಿ ನೀಲಿ ಊಟದ ಚೀಲ ನೇತಾಡುತ್ತಿತ್ತು. ನಿನ್ನೆ ಗೇಟಿನಲ್ಲಿ ತಡಕಾಡಿಸಿಕೊಂಡ ಅದೇ ಚೀಲ.

"ನಿನ್ನದಾ ಅಮ್ಮನದಾ?" ಅಂತ ಕೇಳಿದ.

"ನಮ್ಮಿಬ್ಬರದೂ. ಬೆಳಿಗ್ಗೆ ಅಮ್ಮ ತರ್ತಾಳೆ. ಸಂಜೆ ಯಾರ ಕೈ ಖಾಲಿಯೋ ಅವರು ಹಿಡ್ಕೊಳ್ಳೋದು."

ಡಬ್ಬಿಯಿಂದ ಕೆರೆದ ಮೇಣದ ತುಂಡನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ತುಕ್ಕು ಎದ್ದ.

ತೊಳೆಯುವ ಶೆಡ್ಡಿನ ನೆಲ ಕೆಂಪು. ಗೋಡೆ ಸೊಂಟದ ಮಟ್ಟಕ್ಕೆ ಕೆಂಪು. ನಲ್ಲಿಯ ತಿರುಪು, ಬಾಗಿಲ ಚಿಲಕ, ಕಿಟಕಿಯ ಕಂಬಿ, ಎಲ್ಲದರ ಮೇಲೂ ಮೂವತ್ತೊಂದು ವರ್ಷದ ಬೆರಳ ಗುರುತು. ಮೂಲೆಯಲ್ಲಿ ಚಿಕ್ಕಮ್ಮ ಮಣೆ ಹಾಕಿಕೊಂಡು ಖಾಲಿ ಬಾಟಲಿಗಳನ್ನು ತಿಕ್ಕುತ್ತಿದ್ದಳು.

"ಬಾ ತಮ್ಮಾ. ಬೇಡಿ ತಂದಿದ್ದೀಯಾ, ಬರಿಗೈಲಿ ಬಂದಿದ್ದೀಯಾ?"

"ಬರಿಗೈ ಚಿಕ್ಕಮ್ಮಾ. ಬೇಡಿ ತರೋಷ್ಟು ದೊಡ್ಡ ಮನುಷ್ಯ ನಾನಲ್ಲ."

"ಹಾಗಾದ್ರೆ ಈ ಬುರುಶು ಹಿಡಿ. ಸುಮ್ಮನೆ ನಿಂತವರನ್ನ ಕಂಡರೆ ನನಗಾಗಲ್ಲ."

ಹಿಡಿದ. ಎರಡು ಬಾಟಲಿ ತಿಕ್ಕಿದ ಮೇಲೆ ಕೇಳಿದ: "ಮೂರು ಬ್ಯಾಚು ನೀವೇ ಹಾಳು ಮಾಡಿದ್ರಿ ಅಂತಾರೆ ಕಾಳು ಮಾಡಿಸೋ ಡಾಕ್ಟರು."

"ಹಾಳು ಮಾಡೋಕೆ ನನ್ನ ಕೈಗೆ ಕೊಟ್ಟರೆ ತಾನೆ? ನಲವತ್ತೊಂದು ಗೆದ್ದ ಮಾರನೇ ವಾರವೇ ತೊಳೆಯೋ ಮೆಷಿನ್ನು ಬಂತು. ನನಗೆ ಬಾಟಲಿ ಬಂತು." ಅವಳು ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಬಾಟಲಿಯದೇನೂ ತಪ್ಪಿಲ್ಲ, ಪಾಪ."

ತುಕ್ಕು ಕಾಗದ ಬಿಚ್ಚಿ ಮೇಣದ ತುಂಡು ಮುಂದಿಟ್ಟ. ಅವಳು ಮೂಸಲೂ ಇಲ್ಲ. ಹೆಬ್ಬೆರಳ ಉಗುರು ಊರಿದಳು. ಉಗುರು ಇಳಿಯಿತು.

"ಇದು ನಮ್ಮ ಮೇಣವಲ್ಲ. ನಮ್ಮದಕ್ಕೆ ಉಗುರು ಇಳಿಯಲ್ಲ, ಕಲ್ಲು ಕಲ್ಲು. ಇದು ಮನೇಲಿ ಹಚ್ಚೋ ಬತ್ತಿ ಮೇಣ. ಇಲ್ಲಿ ಡ್ರಮ್ಮುಗಟ್ಟಲೆ ನಮ್ಮದು ಬಿದ್ದಿರುವಾಗ ಅದನ್ನ ಬಿಟ್ಟು ಇದನ್ನ ಹಾಕಿದ್ದಾರೆ ಅಂದರೆ, ಮನೇಲಿ ಕೂತು ಮಾಡಿದ ಕೆಲಸ. ತುಂಬ ಅವಸರದಲ್ಲಿ."

ಬರೀ ಒಂದು ಉಗುರಿನಿಂದ ಅಷ್ಟು ತಿಳಿದಳು. ತುಕ್ಕು ಬುರುಶು ಕೆಳಗಿಟ್ಟ.

"ನಲವತ್ತೊಂದನ್ನ ಹೇಗೆ ತೊಳೆದ್ರಿ, ನನಗೊಂದು ಸಲ ತೋರಿಸಿ."

ಅವಳು ಅವನ ಮುಖವನ್ನೇ ನೋಡಿದಳು. ಮೆಷಿನ್ನು ಬಂದ ಈ ಹನ್ನೊಂದು ತಿಂಗಳಲ್ಲಿ ಆ ಮಾತು ಕೇಳಿದವನು ಇವನೇ ಮೊದಲನೆಯವನು ಅನ್ನುವುದು ಅವಳ ಕಣ್ಣಲ್ಲೇ ಕಂಡಿತು. ಎದ್ದು ಸೆರಗು ಬಿಗಿದು, ಮೆಷಿನ್ನಿನವನನ್ನು ಕೂಗಿ ಒಂದು ಬಕೀಟು ಕೆಸರು ತರಿಸಿಕೊಂಡಳು.

ಕರಗಿಸಿದ ಕಬ್ಬಿಣದ ನೀರಿಗೆ ಕ್ಷಾರದ ನೀರು ಸುರಿದಾಗ ತಳಕ್ಕೆ ಬೀಳುವ ಕೆಸರು ಅದು. ಕಾಳು ಒಡೆಯದಿರಲಿ ಅಂತ ಅದಕ್ಕೆ ಗಾಜಿನ ಅಂಟು ಬೆರೆಸಿರುತ್ತಾರೆ. ಆಮೇಲೆ ತೊಳೆಯಬೇಕು. ಹೆಚ್ಚಿನ ಕ್ಷಾರ ಹೋಗಬೇಕು, ಬೇಕಾದ ಕ್ಷಾರ ಉಳಿಯಬೇಕು. ಎಷ್ಟು ಹೆಚ್ಚು, ಎಷ್ಟು ಬೇಕು ಅನ್ನುವುದರ ಮೇಲೆಯೇ ದೇಶದೇಶಗಳಲ್ಲಿ ಓದಿದವರು ತಲೆಗೂದಲು ಉದುರಿಸಿಕೊಂಡಿದ್ದಾರೆ.

ಚಿಕ್ಕಮ್ಮ ನೀರು ಬಿಟ್ಟಳು, ಕಲಸಿದಳು, ಕೆಸರು ತಂಗುವವರೆಗೆ ಕಾದಳು, ಮೇಲಿನ ನೀರು ಬಸಿದಳು. ಎರಡು ಬೆರಳ ನಡುವೆ ಒಂದಿಷ್ಟು ಕೆಸರು ತಿಕ್ಕಿ ನೋಡಿದಳು. "ಒಂದು ನೀರಾಯ್ತು," ಅಂದಳು, ಅಕ್ಕಿ ತೊಳೆಯುವವರು ಎಣಿಸುವ ಹಾಗೆ. "ನೀನೂ ತಿಕ್ಕು."

ತುಕ್ಕು ತಿಕ್ಕಿದ. ಸೋಪು ತಿಕ್ಕಿದ ಹಾಗೆ ಜಾರಿತು.

ಎರಡನೇ ನೀರು. ಜಾರು ಕಡಿಮೆಯಾಯಿತು. ಮೂರನೇ ನೀರು. ಇನ್ನೂ ಕಡಿಮೆ. ನಾಲ್ಕನೇ ನೀರು ಬಸಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ಹೆಬ್ಬೆರಳು ತೋರುಬೆರಳಿನ ಮೇಲೆ ಒಂದೇ ಒಂದು ಸಲ ಹೋಗಿ ನಿಂತಿತು. ವೀಣೆಯ ತಂತಿ ಬಿಗಿಯುವವರು ಕಿವಿ ಕೊಟ್ಟು ನಿಲ್ಲುತ್ತಾರಲ್ಲ, ಹಾಗೆ.

"ಈಗ."

"ಏನು ಈಗ?"

"ಜಾರು ಹೋಗಿಲ್ಲ. ಹೋಗ್ತೀನಿ ಅಂತ ಹೊಸ್ತಿಲ ಮೇಲೆ ನಿಂತಿದೆ. ಇಲ್ಲೇ ಹಿಡಿದು ನಿಲ್ಲಿಸಬೇಕು."

"ನಿಲ್ಲಿಸದೇ ಹೋದರೆ?"

"ಐದನೇ ನೀರಿಗೆ ಕ್ಷಾರ ಹೋಗುತ್ತೆ. ಆರನೇ ನೀರಿಗೆ ಅಂಟು ಹೊರಡುತ್ತೆ. ಆಮೇಲೆ ಉಳಿಯೋದು ಕೆಂಪು ಮಣ್ಣು. ನೋಡೋಕೆ ಕಾಳೇ. ಕೊಳವೆಗೆ ಹಾಕಿದರೆ ಒಂದು ವಾರ, ಜಾಸ್ತಿ ಅಂದರೆ ಹತ್ತು ದಿನ."

ತುಕ್ಕು ತನ್ನ ಬೆರಳನ್ನು ಮತ್ತೆ ತಿಕ್ಕಿ ನೋಡಿದ. ಅವನಿಗೆ ಏನೂ ತಿಳಿಯಲಿಲ್ಲ. ಮೂರಕ್ಕೂ ನಾಲ್ಕಕ್ಕೂ ಇರುವ ಆ ಕೂದಲೆಳೆಯಷ್ಟು ವ್ಯತ್ಯಾಸ ಈ ಹೆಂಗಸಿನ ಎರಡು ಬೆರಳ ನಡುವೆ ಮಾತ್ರ ಇತ್ತು. ನೂರಹನ್ನೆರಡು ದಿನ ಒಂದು ಕಾರ್ಖಾನೆ ಓಡಿದ್ದು ಆ ಸಂದಿನಲ್ಲಿ!

"ಇದನ್ನ ಯಾರಿಗೂ ಹೇಳಲಿಲ್ವಾ?"

"ಕೇಳಿದವರಿಗೆ ಹೇಳ್ತೀನಿ. ಯಾರು ಕೇಳಿದರು? ತೊಳೆತದ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಡಾಕ್ಟರು ತಗೊಂಡು ಹೋದರು."

"ನಿಮಗೆ ಬರೆಯೋಕೆ ಬರುತ್ತಾ?"

"ಅಂಕಿ ಬರುತ್ತೆ, ಒಂದೆರಡು ಮಾತು ಬರುತ್ತೆ. ನನ್ನ ಮಗಳು ಒಂದನೇ ಕ್ಲಾಸಿಗೆ ಹೋಗುವಾಗ ನನಗೆ ಕಲಿಸಿದಳು. ಅವಳು ಟೀಚರಮ್ಮ, ನಾನು ಹುಡುಗಿ. ತಪ್ಪಿದರೆ ಕಿವಿ ಹಿಂಡೋಳು, ರಾಕ್ಷಸಿ." ಚಿಕ್ಕಮ್ಮನ ಮುಖ ಮೊದಲ ಸಲ ಅರಳಿತು. "ಈಗ ನೋಡು, ಇಡೀ ಕಾರ್ಖಾನೆ ಅವಳು ತೂಗಿಕೊಟ್ಟ ಮೇಲೆ ಮುಂದೆ ಹೋಗಬೇಕು. ನನಗೆ ಏನಾದರೂ ಆಗಲಿ ತಮ್ಮಾ, ಅವಳ ಕೆಲಸಕ್ಕೆ ಏನೂ ಆಗಬಾರದು."

ಹೊರಡುವಾಗ ತುಕ್ಕು ಮೆಷಿನ್ನಿನ ಹತ್ತಿರ ನಿಂತ. ಅದರ ಹೊಟ್ಟೆಯ ಮೇಲೆ ಅಚ್ಚುಕಟ್ಟಾಗಿ ಟೈಪು ಮಾಡಿ ಪ್ಲಾಸ್ಟಿಕ್ಕು ಹೊದಿಸಿದ ಕಾರ್ಡು.

ತೊಳೆತ: 8 ಸಲ.

ಎಂಟು!

ಅವನ ಕಿವಿ ಬಿಸಿಯಾಯಿತು. ಹೆಂಗಸು ನಾಲ್ಕು ಅಂತ ಬರೆದಿಟ್ಟದ್ದನ್ನು ಡಾಕ್ಟರೆಂಬ ಈ ಮನುಷ್ಯ ಬೇಕಂತಲೇ ಎಂಟು ಮಾಡಿದ್ದಾನೆ. ಗೆದ್ದ ಬ್ಯಾಚಿನ ಗುಟ್ಟು ತನ್ನಲ್ಲೇ ಇರಲಿ, ಸೋತ ಬ್ಯಾಚಿನ ಪಾಪ ಅವಳ ತಲೆಗೆ ಬರಲಿ ಅಂತ. ನೆಲದಲ್ಲಿ ಬಿದ್ದಿದ್ದ ಕಾರ್ಖಾನೆ ಮೇಣದ ಒಂದು ಹರಳನ್ನು ಹೆಕ್ಕಿ ಇನ್ನೊಂದು ಜೇಬಿಗೆ ಹಾಕಿಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ಡಾಕ್ಟರೆಂದರೆ ಜ್ವರ ನೋಡುವ ಡಾಕ್ಟರಲ್ಲ, ಕಬ್ಬಿಣದ ಮೇಲೆ ಪ್ರಬಂಧ ಬರೆದು ಪದವಿ ಪಡೆದವರು. ಮೂವತ್ತೈದು ದಾಟಿಲ್ಲ. ಗೋಡೆಯ ತುಂಬ ಚೌಕಟ್ಟು ಹಾಕಿದ ಸರ್ಟಿಫಿಕೇಟು. ಕಿಟಕಿಯ ಅಂಚಿನಲ್ಲಿ ಗಾಜಿನ ಬಟ್ಟಲಿನಲ್ಲಿ ಅರ್ಧ ಉರಿದ ಒಂದು ಮೇಣದ ಬತ್ತಿ. ಯಜಮಾನಿ ಆಗಲೇ ಬಂದು ಕೂತಿದ್ದರು. ಅವರ ಮುಂದೆ ಒಂದು, ಡಾಕ್ಟರ ಮುಂದೆ ಒಂದು, ಆಗಷ್ಟೇ ತಂದಿಟ್ಟ ಹೊಗೆಯಾಡುವ ಟೀ ಲೋಟ. ತುಕ್ಕು ಹೇಳಿಕಳಿಸಿದ್ದರಿಂದ ಚಿಕ್ಕಮ್ಮನೂ ಬಂದು ಬಾಗಿಲ ಬಳಿ ನಿಂತಳು. ಕೂರಿ ಅಂತ ಯಾರೂ ಅನ್ನಲಿಲ್ಲ. ತುಕ್ಕು ತನ್ನ ಕುರ್ಚಿಯನ್ನು ಎತ್ತಿ ತಂದು ಅವಳ ಹಿಂದೆ ಇಟ್ಟ.

ಮೂರೂ ನಲವತ್ತು.

"ನಲವತ್ತೊಂದರ ತೊಳೆತದ ಪುಸ್ತಕ ತೆಗೀರಿ ಡಾಕ್ಟರೇ."

"ಅದನ್ನ ಓದಿ ನಿಮಗೇನು ಅರ್ಥವಾಗುತ್ತೆ? ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ನೀವು."

"ಅದಕ್ಕೇ ನೀವು ಓದಿ ಹೇಳಿ ಅಂತ."

ಡಾಕ್ಟರು ಬೀರು ತೆಗೆದು ಪುಸ್ತಕವನ್ನು ಮೇಜಿನ ಮೇಲೆ ಎಸೆದರು. ತುಕ್ಕು ಪುಟ ತಿರುಗಿಸಿದ. ನಲವತ್ತೊಂದು. ಅದರ ಕೆಳಗೆ ಪೆನ್ಸಿಲಿನಲ್ಲಿ ಒತ್ತಿ ಬರೆದ ಗುಂಡು ಗುಂಡು ಅಕ್ಷರ. ಅವನು ನೋಡಿದ. ಇನ್ನೊಂದು ಸಲ ನೋಡಿದ. ಮೆಟ್ಟಿಲ ಮೇಲೆ ಹೊತ್ತುಕೊಂಡು ಬಂದಿದ್ದ ಸಿಟ್ಟೆಲ್ಲ ಗಂಟಲಲ್ಲಿ ತಿರುಗಿ, ತಡೆಯಲಾಗದ ನಗೆಯಾಗಿ ಬಂತು. ನುಂಗಿಕೊಂಡ.

"ಗಟ್ಟಿಯಾಗಿ ಓದಿ."

ಪುಟದಲ್ಲಿ ಇದ್ದದ್ದು ಇಷ್ಟೇ:

೪ ನೀರು. ಜಾರು ಇದೆ.

"ಎಂಟು ನೀರು," ಅಂತ ಓದಿದರು ಡಾಕ್ಟರು. "ಜಾರು ಇದೆ. ಅದೇನು ಜಾರೋ ದೇವರೇ ಬಲ್ಲ. ಎಂಟು ಸಲ ತೊಳೆದಿದ್ದಾಳೆ, ಅದನ್ನೇ ಕಾರ್ಡಿಗೆ ಹಾಕಿಸಿದ್ದೀನಿ. ಒಂದಕ್ಷರ ಬದಲಾಯಿಸಿಲ್ಲ."

"ಚಿಕ್ಕಮ್ಮಾ, ನೀವು ಬರೆದದ್ದು ನೀವೇ ಓದಿ."

ಚಿಕ್ಕಮ್ಮ ಕುರ್ಚಿಯಿಂದ ಏಳದೆ ಕತ್ತು ಚಾಚಿ ನೋಡಿದಳು.

"ನಾಲ್ಕು," ಅಂದಳು.

ಯಜಮಾನಿ ಕನ್ನಡಕ ಹಾಕಿಕೊಂಡರು. ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಡಾಕ್ಟರ ಮುಖ ನೋಡಿದರು.

"ನಾಲ್ಕೇ ಕಣಪ್ಪಾ ಇದು."

ಸಮುದ್ರದಾಚೆಯ ಪುಸ್ತಕಗಳನ್ನೆಲ್ಲ ಅರೆದು ಕುಡಿದ ಮನುಷ್ಯ, ತಾನು ದಿನವೂ ಆಡುವ ಭಾಷೆಯ ನಾಲ್ಕನ್ನು ಇಂಗ್ಲಿಷಿನ ಎಂಟು ಅಂತ ಓದಿದ್ದ. ಓದಿ ಅಚ್ಚು ಹಾಕಿಸಿ, ಪ್ಲಾಸ್ಟಿಕ್ಕು ಹೊದಿಸಿದ್ದ. ಬರೆದವಳು ಹತ್ತು ಮೆಟ್ಟಿಲು ಕೆಳಗೆ ಬಾಟಲಿ ತೊಳೆಯುತ್ತಿದ್ದಳು. ಇಳಿದು ಹೋಗಿ, ಇದೇನಮ್ಮಾ ಅಂತ ಕೇಳಿದ್ದರೆ ಮುಗಿದಿತ್ತು. ಆ ಹತ್ತು ಮೆಟ್ಟಿಲು ಇಳಿಯುವುದಕ್ಕೆ ಅವನ ಪದವಿ ಬಿಡಲಿಲ್ಲ. ಮೂರು ಬ್ಯಾಚು, ಹನ್ನೊಂದು ತಿಂಗಳು!

"ಯಾರೂ ಹಾಳು ಮಾಡಿಲ್ಲಮ್ಮಾ," ಅಂದ ತುಕ್ಕು ಯಜಮಾನಿಗೆ. "ನಾಲ್ಕಕ್ಕೆ ನಿಲ್ಲಬೇಕಾದದ್ದನ್ನ ಎಂಟಕ್ಕೆ ತೊಳೆದಿದ್ದೀರಿ. ಅಂಟೂ ಹೋಯ್ತು, ಕ್ಷಾರವೂ ಹೋಯ್ತು. ಅಷ್ಟೇ."

ಡಾಕ್ಟರು ಎದ್ದು ನಿಂತರು. ಬಯ್ಯುತ್ತಾರೆ ಅಂದುಕೊಂಡ ತುಕ್ಕು. ಅವರು ಮೇಜು ಬಳಸಿ ಬಂದು ಚಿಕ್ಕಮ್ಮನ ಮುಂದೆ ನಿಂತರು. ಕಿವಿಯ ತುದಿವರೆಗೆ ಕೆಂಪಾಗಿತ್ತು.

"ನಾಲ್ಕಕ್ಕೇ ನಿಲ್ಲಿಸಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ನಿಮಗೆ ಅಂದಿದ್ದರು. ನಿನಗೆ ಅನ್ನಲಿಲ್ಲ.

"ಕೈಗೆ ಗೊತ್ತಾಗುತ್ತೆ ಸಾರ್. ಬನ್ನಿ ಒಂದು ಸಲ, ತೋರಿಸ್ತೀನಿ. ಆ ಬಿಳಿ ಕೋಟು ಮಾತ್ರ ಇಲ್ಲೇ ಬಿಟ್ಟು ಬನ್ನಿ, ಕೆಂಪಾದರೆ ಹೋಗಲ್ಲ."

"ಬರ್ತೀನಿ," ಅಂದರು ಅವರು.

ಯಜಮಾನಿ ಉಸಿರು ಬಿಟ್ಟರು. ಆದರೆ ಅವರ ಬೆರಳು ಮೇಜನ್ನು ತಟ್ಟುತ್ತಲೇ ಇತ್ತು.

"ಬ್ಯಾಚಿನ ಮಾತು ತೀರಿತು. ಡಬ್ಬಿ? ಸೀಲು ಸಿಕ್ಕಿದ್ದು ಇವಳ ಚೀಲದಲ್ಲಿ."

"ಅದಕ್ಕೂ ಬಂದೆ." ತುಕ್ಕು ಡಾಕ್ಟರ ಲೋಟದತ್ತ ಕೈ ತೋರಿಸಿದ. "ಟೀ ಕುಡಿಯಲ್ವಾ?"

"ಬಿಸಿ ಇದೆ. ಆರಲಿ ಅಂತ..."

"ಆರೋದು ಬೇಡ."

ಒಂದು ಜೇಬಿನಿಂದ ಶೆಡ್ಡಿನಲ್ಲಿ ಹೆಕ್ಕಿದ ಹರಳನ್ನು ತೆಗೆದು ಲೋಟಕ್ಕೆ ಹಾಕಿದ. ಅದು ಕಲ್ಲುಸಕ್ಕರೆ ತುಂಡಿನ ಹಾಗೆ ಬಿಸಿ ಟೀಯ ಮೇಲೆ ತೇಲಿತು, ಕರಗಲಿಲ್ಲ.

"ಇದು ಕಾರ್ಖಾನೆ ಮೇಣ. ಇನ್ನು ಡಬ್ಬಿಯ ಮೇಣ."

ಎರಡನೇ ತುಂಡನ್ನು ಯಜಮಾನಿಯ ಲೋಟಕ್ಕೆ ಹಾಕಿದ.

"ನನ್ನ ಟೀ ಕೂಡ ಹಾಳು ಮಾಡಲೇಬೇಕಿತ್ತಾ?"

ತುಂಡು ಅಂಚಿನಿಂದ ಒದ್ದೆಯಾಗಿ, ಬಾಗಿ, ಕರಗಿ ಹೊಳೆಯುವ ಉಂಗುರವಾಗಿ ಹರಡಿತು. ಆಗ ಬಂತು ವಾಸನೆ. ಮೊದಲು ತೆಳ್ಳಗೆ, ಆಮೇಲೆ ಕೋಣೆ ತುಂಬ ನಿಂಬೆಹುಲ್ಲಿನ ಪರಿಮಳ. ತಣ್ಣಗಿದ್ದಾಗ ಮೈಯೊಳಗೇ ಅಡಗಿ ಕೂತಿದ್ದದ್ದು ಬಿಸಿ ತಾಗಿ ಬಾಯಿ ಬಿಟ್ಟಿತ್ತು.

ತುಕ್ಕು ನೆಟ್ಟಗೆ ಕಿಟಕಿಯ ಹತ್ತಿರ ಹೋದ. ಗಾಜಿನ ಬಟ್ಟಲಿನ ಬತ್ತಿಯನ್ನು ಬೆರಳಲ್ಲಿ ಬಿಸಿಯಾಗುವಂತೆ ಉಜ್ಜಿ ಮೂಸಿದ. ಅದೇ.

"ಡಾಕ್ಟರೇ, ಈ ಬತ್ತಿ ಎಲ್ಲಿಂದ ಬಂತು?"

"ಅದಾ? ಕೆಳಗಿನ ವಾಸನೆಗೆ ತಲೆನೋವು ಬರುತ್ತೆ ಅಂದಿದ್ದೆ. ಅದಕ್ಕೆ ಮನೇಲಿ ಮಾಡಿದ್ದು ಅಂತ ನನಗೆ ತಂದುಕೊಟ್ಟದ್ದು..."

"ನಾನು."

ಎಲ್ಲರೂ ತಿರುಗಿದರು. ಚಿಕ್ಕಮ್ಮ ಕುರ್ಚಿಯಿಂದ ಎದ್ದಿದ್ದಳು. ಎರಡು ನಿಮಿಷದ ಕೆಳಗೆ ಆ ಮುಖದಲ್ಲಿ ಇದ್ದ ಬೆಳಕನ್ನು ಯಾರೋ ಒರೆಸಿ ಹಾಕಿದ ಹಾಗಿತ್ತು.

"ಬತ್ತಿ ಕೊಟ್ಟಿದ್ದು ನಾನು. ಡಬ್ಬಿ ಬಿಚ್ಚಿದ್ದೂ ನಾನೇ. ಸೀಲು ನನ್ನ ಚೀಲದಲ್ಲೇ ತಾನೆ ಸಿಕ್ಕಿದ್ದು? ಫೋನ್ ಮಾಡಿ ಅಮ್ಮಾ."

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಚಿಕ್ಕಮ್ಮ ಅವರನ್ನು ನೋಡಿದಳು. ಬರೀ ನೋಡಿದಳು. ಅವರು ಬಾಯಿ ಮುಚ್ಚಿಕೊಂಡರು.

"ಎಲ್ಲಿಟ್ಟಿದ್ದೀರಿ ನಿಜವಾದ ಕಾಳನ್ನ?" ಅಂತ ಕೇಳಿದ ತುಕ್ಕು.

"ಅದನ್ನ ಹೇಳಲ್ಲ."

"ಚಿಕ್ಕಮ್ಮಾ, ಮೇಣಕ್ಕೆ ಉಗುರು ಇಳಿಸಿ, ಇದು ಮನೆ ಬತ್ತಿ ಅಂತ ನನಗೆ ಹೇಳಿಕೊಟ್ಟವರೇ ನೀವು."

"ಸುಳ್ಳು ಹೇಳೋರು ಹಾಗೇ ಹೇಳ್ತಾರೆ ತಮ್ಮಾ. ನಿನಗೆ ಅಷ್ಟೂ ಗೊತ್ತಾಗಲ್ವಾ?"

ಆ ಮಾತಿನಲ್ಲೇ ಅವಳು ಸಿಕ್ಕಿಬಿದ್ದಳು. ಮೂವತ್ತೊಂದು ವರ್ಷ ಮೇಣದ ನಡುವೆ ಬದುಕಿದ ಈ ಕೈ ಕಾರ್ಖಾನೆ ಮೇಣದ ಜಾಗದಲ್ಲಿ ಬತ್ತಿ ಮೇಣ ಹಾಕುವುದೂ, ತಾಯಿ ಪಕ್ಕದ ಮನೆಯ ಮಗುವನ್ನು ತನ್ನದೆಂದು ಎತ್ತಿಕೊಂಡು ಬರುವುದೂ ಒಂದೇ. ಶೆಡ್ಡಿನಲ್ಲಿ ಅವಳು ಆ ತುಂಡನ್ನು ಮೂಸಿರಲಿಲ್ಲ. ಇಲ್ಲಿ ವಾಸನೆ ಎದ್ದ ಮೇಲೆ ಅದು ಯಾರ ಮನೆಯ ಒಲೆಯ ಮೇಲೆ ಕರಗಿದ್ದು ಅಂತ ಗೊತ್ತಾಗಿತ್ತು. ಅವಳದೇ ಮನೆಯ ಒಲೆ. ಆದರೆ ಆ ಒಲೆಯ ಮುಂದೆ ನಿಂತದ್ದು ಅವಳಲ್ಲ.

ಸಂಜೆ ಯಾರ ಕೈ ಖಾಲಿಯೋ ಅವರು ಹಿಡಿದುಕೊಳ್ಳುವ ಚೀಲ!

ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು.

"ಮೂವತ್ತೊಂದು ವರ್ಷ ಚಿಕ್ಕಮ್ಮಾ," ಅಂದರು ಯಜಮಾನಿ. "ನಮ್ಮಪ್ಪನ ಕಾಲದಿಂದ."

"ಹೌದಮ್ಮಾ."

ಯಜಮಾನಿಯ ಕೈ ಫೋನಿಗೆ ಹೋಯಿತು.

"ಎರಡೇ ನಿಮಿಷ ಕೊಡಿ," ಅಂದವನೇ ತುಕ್ಕು ಬಾಗಿಲು ದಾಟಿದ.

ಅದೇ ಮೊಗಸಾಲೆಯ ಮೂರನೇ ಬಾಗಿಲು ಪರೀಕ್ಷೆ ಕೋಣೆ. ತಳ್ಳಿದ. ಯಾರೂ ಇಲ್ಲ. ತಿರುಗುವ ಸ್ಟೂಲು ಇನ್ನೂ ನಿಧಾನಕ್ಕೆ ತಿರುಗುತ್ತಿತ್ತು. ಬಾಗಿಲ ಹಿಂದಿನ ಕೊಕ್ಕೆ ಖಾಲಿ. ನೀಲಿ ಚೀಲ ಇಲ್ಲ.

ಮೇಜಿನ ಮೇಲೆ ಮಧ್ಯಾಹ್ನದ ಬಿಳಿ ಬಿಲ್ಲೆ ಇತ್ತು. ಸತ್ತ ಪುಡಿಯನ್ನು ಯಾರೋ ಒರೆಸಿ ತೆಗೆದಿದ್ದರು. ಅದರ ಜಾಗದಲ್ಲಿ, ನಟ್ಟನಡುವೆ, ಅಳೆದು ಇಟ್ಟ ಹಾಗೆ, ಬೇರೆ ಒಂದು ಚಿಟಿಕೆ.

ಅದು ಉರಿಯುತ್ತಿತ್ತು.

ಹೊಗೆಯಿಲ್ಲ, ಸದ್ದಿಲ್ಲ. ಒಂದು ಕಾಳಿನಿಂದ ಪಕ್ಕದ ಕಾಳಿಗೆ ಕೆಂಪು ಮೆಲ್ಲಗೆ ದಾಟಿಕೊಂಡು ಹೋಗುತ್ತಿತ್ತು. ಹದಿನೆಂಟು ವರ್ಷ ಬೆಂಕಿಯನ್ನೇ ನೋಡಿದ ತುಕ್ಕು ಇಂಥ ಚೆಲುವಾದ ಬೆಂಕಿಯನ್ನು ನೋಡಿರಲಿಲ್ಲ. ನಲವತ್ತೊಂದು. ನಾಲ್ಕನೇ ನೀರಿಗೆ ಹೊಸ್ತಿಲ ಮೇಲೆ ನಿಂತ ಕಬ್ಬಿಣ, ತಿಂಗಳುಗಟ್ಟಲೆ ಮೇಣದಲ್ಲಿ ಹೂತಿದ್ದರೂ ಜೀವ ಬಿಟ್ಟಿರಲಿಲ್ಲ.

ಕೈತಪ್ಪಿ ಬಿದ್ದದ್ದಲ್ಲ ಅದು. ಇವನಿಗೆ ಕಾಣಲಿ, ಡಬ್ಬಿ ಬಿಚ್ಚಿದ್ದು ಅಮ್ಮನಲ್ಲ ಅಂತ ತಿಳಿಯಲಿ ಅಂತ ಮಗಳು ಇಟ್ಟುಹೋದದ್ದು.

ಪಕ್ಕದಲ್ಲಿ ದಾಖಲೆ ಪುಸ್ತಕ ತೆರೆದಿತ್ತು. ಮಧ್ಯಾಹ್ನದ ಸಾಲಿನ ಕೆಳಗೆ ಅದೇ ನಡುಗದ ಅಕ್ಷರದಲ್ಲಿ ಇನ್ನೊಂದು ಸಾಲು. ಹೊತ್ತಿಕೊಂಡಿತು. ಗಂಟೆ ನಾಲ್ಕು. ತಾರೀಕು ಇತ್ತು. ಸಹಿ ಮಾಡುವ ಜಾಗ ಮಾತ್ರ ಖಾಲಿ.

ಗೋಡೆಯಾಚೆಯಿಂದ ಯಜಮಾನಿಯ ದನಿ ಕೇಳಿತು.

"ಹಲೋ, ಠಾಣೆಯಾ?"

ಬಾಯಿ ಬಿಟ್ಟರೆ ಮಗಳು ಹೋಗುತ್ತಾಳೆ. ಮುಚ್ಚಿಕೊಂಡರೆ ತಾಯಿ. ಬಿಲ್ಲೆಯ ಮೇಲಿನ ಕೆಂಪು ಅಂಚಿಗೆ ಬಂದು, ಕೊನೆಯ ಕಾಳನ್ನು ಹಿಡಿಯಿತು.